ಗುಟ್ಟಿನ ಗಿರಾಕಿಯ ಶುಕ್ರವಾರ

ನಮ್ಮ ಮನೆ, ಅಡುಗೆಮನೆಯ ಮೇಜು
ಸೋಮವಾರ, ಮಧ್ಯಾಹ್ನ

ನನ್ನ ಪ್ರೀತಿಯ ‘ರೀ’ ಅವರಿಗೆ,

ಹೇಗಿದ್ದೀರಿ? ಏಣಿ ಹತ್ತಿಳಿದು ಊದಿಕೊಂಡಿದ್ದ ಮಂಡಿ ಈಗ ಹೇಗಿದೆ? ನಾನು ಕಟ್ಟಿಕೊಟ್ಟ ಮುಲಾಮು ಹಚ್ಚಿಕೊಳ್ಳುತ್ತಿದ್ದೀರೋ, ಪಕ್ಕದ ಮಂಚದವನಿಗೆ ದಾನ ಮಾಡಿಬಿಟ್ಟಿರೋ? (ಮಾಡಿಯೇ ಇರುತ್ತೀರಿ, ನನಗೆ ಗೊತ್ತು.) ಅಗ್ನಿಶಾಮಕ ತರಬೇತಿಯಲ್ಲಿ ಬೆಂಕಿ ಆರಿಸುವುದನ್ನು ಕಲಿಸಲಿ, ಬೇಡ ಎನ್ನುವುದಿಲ್ಲ. ಆದರೆ ಹೊಸದಾಗಿ ಮದುವೆಯಾದವರ ಫೋನನ್ನೂ ಕಿತ್ತಿಟ್ಟುಕೊಳ್ಳುವುದು ಯಾವ ನ್ಯಾಯ? ಇಂಗ್ಲಿಷ್ ಶಾಲೆಯಲ್ಲಿ ಓದಿದ ನಾನು ಕನ್ನಡದಲ್ಲಿ ಇಷ್ಟುದ್ದ ಯಾವತ್ತೂ ಬರೆದವಳಲ್ಲ. ಅನುಮಾನ ಬಂದ ಪದವನ್ನೆಲ್ಲ ಅತ್ತೆಯ ಹತ್ತಿರ ಕೇಳಿ ಬರೆಯುತ್ತಿದ್ದೇನೆ. ಹಾಗಾಗಿ ಮುದ್ದಿನ ಮಾತುಗಳು ಕಡಿಮೆ ಇವೆ ಅಂತ ಬೇಜಾರು ಮಾಡಿಕೊಳ್ಳಬೇಡಿ, ಅವನ್ನು ಕೇಳಲು ನಾಚಿಕೆಯಾಯಿತು.

ಶುಕ್ರವಾರ ಸಂಜೆಯ ರೈಲಿಗೆ ಬರುತ್ತೀರೆಂಬ ನಿಮ್ಮ ಕಾಗದ ಬಂದಾಗ ನಾನು ಕುಣಿದ ಕುಣಿತಕ್ಕೆ ಅತ್ತೆ ಬಾಗಿಲಿಗೆ ಓಡಿ ಬಂದು, “ಮೆಲ್ಲಗೆ ಕಣೇ, ಅವನು ಬರೋ ಹೊತ್ತಿಗೆ ಕೆಳಗಿನ ಮನೆಯವರ ತಲೆ ಮೇಲೆ ನಮ್ಮ ನೆಲ ಬಿದ್ದಿರುತ್ತೆ” ಅಂದರು. ಆಮೇಲೆ ನನಗೆ ನೆನಪಾಯಿತು. ಅದೇ ಶುಕ್ರವಾರ ಸಂಜೆಗೆ ನಾನೊಂದು ಕೆಲಸ ಒಪ್ಪಿಕೊಂಡುಬಿಟ್ಟಿದ್ದೇನೆ! ಅದೇ ನನ್ನ ಗುಟ್ಟಿನ ಗಿರಾಕಿಯ ಕೆಲಸ, ಸುಮ್ಮನೆ ಕೊಳ್ಳುವವಳ ಹಾಗೆ ಅಂಗಡಿಗೋ ಹೋಟೆಲಿಗೋ ಹೋಗಿ, ಹೇಗೆ ನೋಡಿಕೊಂಡರು ಎಂದು ಕಂಪನಿಗೆ ವರದಿ ಬರೆಯುವುದು. ಅತ್ತೆಗೆ ಇದರ ಮೇಲೆ ಇನ್ನೂ ನಂಬಿಕೆ ಬಂದಿಲ್ಲ. “ಕೂತು ಕಾಫಿ ಕುಡಿಯೋಕೂ ಕೂಲಿ ಕೊಡ್ತಾರೆ ಅಂದ್ರೆ ನಿಮ್ಮ ಮಾವ ಎಷ್ಟು ದೊಡ್ಡ ಸಾಹುಕಾರರಾಗಬೇಕಿತ್ತು” ಅನ್ನುತ್ತಾರೆ.

ಬಿಡಿ, ಒಪ್ಪಿದ ಕೆಲಸ ತಪ್ಪಿಸುವುದರಲ್ಲಿ ಮದುವೆಯಾದಾಗಿನಿಂದ ನಾನು ಎತ್ತಿದ ಕೈ. ಹಾಸಿಗೆ ಅಂಗಡಿ ನೆನಪಿದೆಯಾ? ‘ಹೊಸ ಜೋಡಿ ಬೇಕು’ ಎಂದು ಕಂಪನಿಯವರು ಕೇಳಿದ್ದರೆಂದು ನಿಮ್ಮನ್ನೂ ಎಳೆದುಕೊಂಡು ಹೋಗಿದ್ದೆ. ಅಲ್ಲಿನ ವಯಸ್ಸಾದ ಮಾರಾಟದವರಿಗೆ ಮ್ಯಾನೇಜರು ನಮ್ಮೆದುರೇ ಬೈದರು. ಬೈಸಿಕೊಂಡವರ ಮುಖ ನೋಡಲಾರದೆ ನೀವು ಅವರ ಕಿವಿಯ ಹತ್ತಿರ ಬಗ್ಗಿ, “ಅಣ್ಣಾ, ಸ್ವಲ್ಪ ನಗ್ತಾ ಮಾತಾಡಿ, ಇವಳು ನಿಮಗೆ ಮಾರ್ಕ್ಸ್ ಹಾಕೋಕೆ ಬಂದಿರೋದು” ಅಂದುಬಿಟ್ಟಿರಿ! ಐದು ನಿಮಿಷದಲ್ಲಿ ನಮಗೆ ಹಣ್ಣಿನ ರಸ, ಕುರ್ಚಿ, ಫ್ಯಾನು. ಆ ವರದಿ ಕಸದ ಬುಟ್ಟಿಗೆ ಹೋಯಿತು. ನಿಮ್ಮ ಮೇಲೆ ಸಿಟ್ಟು ಮಾಡಬೇಕೆಂದು ಎಷ್ಟು ಪ್ರಯತ್ನಪಟ್ಟೆ, ಆಗಲೇ ಇಲ್ಲ. ಆಮೇಲೊಂದು ಬೆಳಿಗ್ಗೆ ಬೆಟ್ಟಕ್ಕೆ ಹೋಗೋಣ ಅಂದಿರಿ, ನಾನು ಅವತ್ತು ಹೋಗಬೇಕಿದ್ದ ಚಪ್ಪಲಿ ಅಂಗಡಿಯನ್ನು ಮರೆತು ಹೊರಟೆ. ನೀವು ತರಬೇತಿಗೆ ಹೊರಟ ದಿನ ಕನ್ನಡಕದಂಗಡಿಗೆ ಹೋಗಬೇಕಿತ್ತು. ‘ಬರಲಾಗುವುದಿಲ್ಲ’ ಎಂದೊಂದು ಸಂದೇಶ ಕಳಿಸಿ ನಿಮ್ಮನ್ನು ರೈಲು ಹತ್ತಿಸಲು ಬಂದೆ. ಅದರ ಬಗ್ಗೆ ಮತ್ತೆ ಯೋಚಿಸಲೂ ಇಲ್ಲ.

ಯೋಚಿಸುವ ಹಾಗೆ ಮಾಡಿದ್ದು ಫೋನಕ್ಕ. ನಮಗೆಲ್ಲ ಕೆಲಸ ಹಂಚುವವರು. ನಾನು ಅವರ ಮುಖ ನೋಡಿಲ್ಲ, ದನಿ ಮಾತ್ರ ಗೊತ್ತು, ಅದಕ್ಕೇ ಈ ಹೆಸರು. ಕಳೆದ ವಾರ ಫೋನ್ ಮಾಡಿದಾಗ ಅವರ ಗಂಟಲು ಪೂರ್ತಿ ಕಟ್ಟಿತ್ತು. ಏನಾಯಿತೆಂದು ಕೇಳಿದರೆ, ಜ್ವರದಲ್ಲಿ ಬಸ್ಸು ಹತ್ತಿ ಕನ್ನಡಕದಂಗಡಿಗೆ ಹೋಗಿದ್ದರಂತೆ. ನನ್ನ ಕನ್ನಡಕದಂಗಡಿಗೆ! ಅವರು ಬೈಯಲಿಲ್ಲ ರೀ. ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ. “ನೀವು ಬರಲ್ಲ ಅಂದ್ರೆ ಬೇರೆ ಯಾರಾದ್ರೂ ಹೋಗಲೇಬೇಕಲ್ಲಮ್ಮಾ. ಎಲ್ಲರಿಗೂ ಫೋನ್ ಮಾಡಿ ಮುಗಿದ ಮೇಲೆ ಆ ಬೇರೆ ಯಾರೋ ಅಂದ್ರೆ ನಾನೇ” ಅಂದರು, ಅಷ್ಟೇ. ಆಮೇಲೆ ಮೆತ್ತಗೆ ಇನ್ನೊಂದು ಮಾತು. ಇನ್ನೊಮ್ಮೆ ತಪ್ಪಿಸಿದರೆ ನನ್ನ ಹೆಸರು ತೆಗೆಯಬೇಕೆಂದು ಮೇಲಿನವರು ಹೇಳಿದ್ದಾರೆ, ಈ ಶುಕ್ರವಾರದ್ದನ್ನು ತಾವೇ ಜಗಳವಾಡಿ ನನಗೆ ಕೊಡಿಸಿದ್ದಾರೆ. ನೀವು ನಗಬಹುದು, ಆದರೆ ಈ ಕೆಲಸ ನನಗೆ ಪ್ರಾಣ. ನಾನು ನಿಮ್ಮ ಹೆಂಡತಿ, ಅತ್ತೆಯ ಸೊಸೆ ಆಗುವುದಕ್ಕೆ ಮುಂಚೆ ನನ್ನದು ಅಂತ ಇದ್ದದ್ದು ಇದೊಂದೇ.

ಆದರೂ ನಿಮ್ಮ ಕಾಗದ ಓದಿದ ಮೇಲೆ ಮೊದಲು ಮಾಡಿದ್ದು ಏನು ಗೊತ್ತಾ? ಫೋನಕ್ಕನಿಗೆ ಫೋನು. ಬೆಟ್ಟಕ್ಕೆ ಹೋಗುವುದಕ್ಕೂ ಇಷ್ಟು ಆಸೆಪಟ್ಟಿರಲಿಲ್ಲ ನಾನು. ರೈಲು ನಿಲ್ಲುವ ಮೊದಲೇ ಬಾಗಿಲಲ್ಲಿ ನಿಮ್ಮ ಮುಖ ಕಾಣಬೇಕು, ನಾನು ಓಡಬೇಕು, ಎಲ್ಲರೂ ನೋಡಬೇಕು! ಫೋನಕ್ಕ ಎತ್ತಿದರು. ನಾನು ಬಾಯಿ ಬಿಡುವ ಮೊದಲೇ, “ಹೇಳಮ್ಮಾ... ಬರಕ್ಕಾಗಲ್ವಾ?” ಅಂದರು. ಎಷ್ಟೋ ಜನರಿಂದ ಕೇಳಿ ಕೇಳಿ ಸವೆದುಹೋದ ದನಿ ಅದು. ನನಗೆ ಏನಾಯಿತೋ, “ಇಲ್ಲಕ್ಕಾ, ಯಾವ ಮೂಲೆಯಲ್ಲಿ ಕೂತರೆ ಚೆನ್ನಾಗಿ ಕಾಣುತ್ತೆ ಅಂತ ಕೇಳೋಣ ಅಂದ್ಕೊಂಡೆ” ಅಂದೆ. ಆ ಕಡೆಯಿಂದ ಒಂದು ದೊಡ್ಡ ಉಸಿರು ಕೇಳಿಸಿತು. ಫೋನ್ ಇಟ್ಟ ಮೇಲೆ ನಾನು ದಿಂಬಿಗೆ ಮುಖ ಒತ್ತಿ ಚೆನ್ನಾಗಿ ಅತ್ತೆ, ಅದೂ ನಿಜ.

ಆದ್ದರಿಂದ ಶುಕ್ರವಾರ ನಿಲ್ದಾಣದ ಗೇಟಿನಲ್ಲಿ ನನ್ನನ್ನು ಹುಡುಕಬೇಡಿ. ಎಲ್ಲಿರುತ್ತೇನೆಂದು ಹೇಳುವಂತಿಲ್ಲ, ನಿಯಮ. ಸಿಟ್ಟು ಮಾಡಿಕೊಳ್ಳುವುದಿದ್ದರೆ ಅಲ್ಲೇ ಮುಗಿಸಿಕೊಂಡು ಬನ್ನಿ, ಮನೆಗೆ ತರಬೇಡಿ. ಮಂಡಿ ಜೋಪಾನ. ಅತ್ತೆ ಆಶೀರ್ವಾದ ತಿಳಿಸಿದ್ದಾರೆ, ಜೊತೆಗೆ ಒಗೆಯುವ ಬಟ್ಟೆಗಳನ್ನೆಲ್ಲ ಬಿಡದೆ ತರಬೇಕಂತೆ.

ದಿನವೆಲ್ಲ ನಿಮ್ಮದೇ ಧ್ಯಾನದಲ್ಲಿರುವ,
ನಿಮ್ಮ ಬಾಯಿಬಡುಕಿ

ಮರೆತಿದ್ದೆ: ರೈಲು ಇಳಿದರೆ ಹಸಿವಾಗಿಯೇ ಇರುತ್ತದೆ. ಹೊರಗೆ ಬರುವ ಮೊದಲು ಪ್ಲಾಟ್‌ಫಾರಮ್ಮಿನ ಕ್ಯಾಂಟೀನಿಗೆ ಹೋಗಿ. ಅಲ್ಲಿ ಮೂಲೆಯ ಮೇಜಿನಲ್ಲಿ, ನೀವು ಕೊಡಿಸಿದಂಥದೇ ಹಳದಿ ಶಾಲು ಹೊದ್ದ ಒಬ್ಬ ಹೆಂಗಸು ಕುಳಿತಿರಬಹುದು. ನಾನು ಏನೂ ಹೇಳುತ್ತಿಲ್ಲ. ಅವಳು ನಿಮಗೆ ಗುರುತಿಲ್ಲ. ದೂರದ ಮೇಜಿನಲ್ಲಿ ಕುಳಿತು ಬಿಸಿಯಾಗಿ ಏನಾದರೂ ಕುಡಿಯಿರಿ. ನಗಬೇಡಿ, ಕಣ್ಣು ಹೊಡೆಯಬೇಡಿ, ದಮ್ಮಯ್ಯ, ಬಡಿಸುವವರ ಕಿವಿಯಲ್ಲಿ ಏನೂ ಹೇಳಬೇಡಿ, ಅವರು ಎಷ್ಟೇ ಪಾಪ ಅನಿಸಿದರೂ! ಅವಳು ಬಿಲ್ಲಿನ ಹಣ ಕೊಟ್ಟು ಬಾಗಿಲು ದಾಟುವವರೆಗೆ ಮಾತ್ರ. ದಾಟಿದ ಮೇಲೆ ಅವಳು ಓಡಿ ಬಂದು ಏನು ಮಾಡಿದರೂ ಅದಕ್ಕೆ ಯಾವ ನಿಯಮವೂ ಇಲ್ಲ, ಫೋನಕ್ಕನನ್ನು ಕೇಳಿದ್ದೇನೆ.