ಹಸಿವಿನ ನೆಪ

ಆಳಂದ
೪ ಆಗಸ್ಟ್ ೨೦೨೪, ರವಿವಾರ

ಪ್ರೀತಿಯ ಗುಲನಾಜ,

ಶರಣು. ನಿನ್ನ ಪತ್ರ ಕೈಸೇರಿದಾಗ ರಂಜಾನ್ ನಡೆದಿತ್ತು. ಈಗ ಬಕ್ರೀದ್ ಕೂಡ ಮುಗಿದು ಎಷ್ಟೋ ದಿನವಾಯಿತು. ಎರಡು ಹಬ್ಬಕ್ಕೂ ಒಂದು ಮುಬಾರಕ್ ಹೇಳದ ಗೆಳತಿಯನ್ನು ನೀನು ಬೈದಿರುತ್ತೀ. ಬೈ, ತಪ್ಪಿಲ್ಲ. ಜೇವರ್ಗಿಯಲ್ಲಿ ಕುಳಿತು ಆಳಂದಕ್ಕೆ ಕೇಳಿಸುವಂತೆ ಬೈಯುವ ಗಂಟಲು ನಿನಗೆ ಟ್ರೇನಿಂಗ್ ಹಾಸ್ಟೆಲ್ಲಿನ ದಿನಗಳಿಂದಲೂ ಇದೆ. ಫೋನ್ ಮಾಡಬಹುದಿತ್ತು. ಆದರೆ ನಮ್ಮ ಮನೆಯ ಗೋಡೆ ತೆಳುವು, ಅತ್ತೆಯವರ ಕಿವಿ ಚುರುಕು. ಅದೂ ಅಲ್ಲದೆ, ಫೋನಿನಲ್ಲಿ ನೀನು "ಹೆಂಗಿದ್ದೀ ಬೇ" ಎಂದ ಕೂಡಲೇ "ಆರಾಮ ಇದ್ದೇನಿ" ಎಂದು ಬಾಯಿ ತಾನೇ ಹೇಳಿಬಿಡುತ್ತದೆ. ಕಾಗದದ ಮುಂದೆ ಕುಳಿತರೆ ಅಷ್ಟು ಸಲೀಸಾಗಿ ಸುಳ್ಳು ಬರುವುದಿಲ್ಲ.

ನಮ್ಮ ಮನೆಯವರು ಶಾಂತಕುಮಾರ ಹೇಗಿದ್ದಾರೆ ಎಂದು ಕೇಳಿದ್ದೀ. ನಿನಗೆ ಗೊತ್ತಿರುವುದು ಅರ್ಧ ಮಾತ್ರ. ಇವರ ಎರಡೂ ಕಿಡ್ನಿ ಸೋತು ವರ್ಷದ ಮೇಲಾಯಿತು. ವಾರಕ್ಕೆ ಎರಡು ಸಲ ಬಸ್ಸಿನಲ್ಲಿ ಕಲಬುರಗಿಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು, ಹಿಂಡಿ ಹಾಕಿದ ಬಟ್ಟೆಯಂತೆ ಮನೆಗೆ ಬರುತ್ತಾರೆ. ಈ ವರ್ಷ ಸಂಕ್ರಾಂತಿಯ ಹೊತ್ತಿಗೆ ಸೊಲ್ಲಾಪುರದ ಡಾಕ್ಟರು, "ಮನ್ಯಾಗ ಯಾರರೆ ಒಂದು ಕಿಡ್ನಿ ಕೊಟ್ರ ಛಲೋ ಆಗ್ತದ ನೋಡ್ರಿ" ಎಂದರು. ಎಲ್ಲರಿಗಿಂತ ಮೊದಲು ಎದ್ದು ನಿಂತವರು ನಮ್ಮ ಅತ್ತೆ ಸುಭದ್ರಾಬಾಯಿ. "ನಂದು ತೊಗೋರಿ. ನಾ ಇನ್ನ ಇಟ್ಕೊಂಡು ಏನ ಮಾಡಲಿ?" ಎಂದು ಸೆರಗು ಬಿಗಿದುಕೊಂಡರು. ಎಪ್ಪತ್ತು ದಾಟಿದ, ಸಕ್ಕರೆ ಕಾಯಿಲೆಯ ಜೀವ. ಡಾಕ್ಟರು ಕೈಮುಗಿದು ಕೂರಿಸಿದರು. ನಮ್ಮ ಮಗಳು ಸುರೇಖಾ ಅಫಜಲಪುರದಲ್ಲಿ ಗಂಡನ ಮನೆಯಲ್ಲಿದ್ದಾಳೆ, ಬಸುರಿ. ಉಳಿದವಳು ನಾನು. ರಕ್ತ ಹೊಂದಿತು, ಉಳಿದ ಪರೀಕ್ಷೆಗಳೂ ಹೊಂದಿದವು. ಹೊಂದದೆ ಹೋದದ್ದು ನನ್ನ ತೂಕ. ಎಂಬತ್ತಾರು ಕಿಲೋ ಇದ್ದೆ. "ಎಪ್ಪತ್ತಾರಕ್ಕ ಬರ್ರಿ, ಆಮ್ಯಾಲೆ ಆಪರೇಶನ್ ತಾರೀಖು ನೋಡೂಣು" ಎಂದರು.

ಆ ದಿನ ಬಸ್ಸಿನಲ್ಲಿ ನಾನು ನಕ್ಕಿದ್ದೆ. ನಮ್ಮದು ಕಾಳು ವ್ಯಾಪಾರದ ಮನೆ, ಕ್ವಿಂಟಲ್‌ಗಳಲ್ಲಿ ಮಾತಾಡುವವರು. ಹತ್ತು ಕಿಲೋ ಎಂದರೆ ಚೀಲದ ಬಾಯಿಂದ ಸೋರಿದಷ್ಟು ತೊಗರಿ ಎಂದುಕೊಂಡಿದ್ದೆ. ಹಸಿವು ಎಂದರೆ ಏನೆಂಬುದು ನನಗೆ ಈ ನಲವತ್ತನಾಲ್ಕನೆಯ ವಯಸ್ಸಿನಲ್ಲಿ ತಿಳಿಯಿತು, ಗುಲನಾಜ. ಹೊಟ್ಟೆಯ ಹಸಿವನ್ನು ಹೇಗೋ ತಡೆಯಬಹುದು, ಮಜ್ಜಿಗೆ ಕುಡಿದರೆ ಅಡಗುತ್ತದೆ. ಬಾಯಿಯ ಹಸಿವು ಬೇರೆ. ಸಂಜೆ ನಾಲ್ಕರ ಹೊತ್ತಿಗೆ ಓಣಿಯಲ್ಲಿ ಯಾರೋ ಒಗ್ಗರಣೆ ಹಾಕಿದರೆ ನನ್ನ ಕೈಕೆಲಸ ನಿಂತುಹೋಗುತ್ತಿತ್ತು. ಕಾಯುತ್ತಿರುವ ಎಣ್ಣೆಯ ವಾಸನೆಗೆ ಕಣ್ಣಲ್ಲಿ ನೀರು ಬರುತ್ತದೆಂದರೆ ನೀನು ನಂಬುತ್ತೀಯಾ? ನನಗೆ ಬಂದಿತ್ತು. ಬಿಸಿ ರೊಟ್ಟಿ, ಬೆಣ್ಣೆ, ಶೇಂಗಾ ಹಿಂಡಿ ಇವೆಲ್ಲ ಮನೆಮಂದಿಯ ಹೆಸರಿನಂತೆ ತಲೆಯಲ್ಲಿ ಓಡಾಡುತ್ತಿದ್ದವು.

ಹಸಿವಾದರೆ ನೀರು ಕುಡಿಯಿರಿ ಎಂದು ಡಾಕ್ಟರ ಬಳಿಯಿದ್ದ ಹುಡುಗಿ ಹೇಳಿಕೊಟ್ಟಿದ್ದಳು. ಆದರೆ ಇವರಿಗೆ ನೀರು ಅಳತೆ. ದಿನಕ್ಕೆ ಒಂದು ಬಾಟಲಿ, ಅದರಲ್ಲಿಯೇ ಚಹಾ, ಅದರಲ್ಲಿಯೇ ಗುಳಿಗೆ. ಬಾಯಾರಿದರೆ ಐಸಿನ ಚೂರು ನಾಲಿಗೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚುತ್ತಾರೆ. ಅಂಥವರ ಎದುರಿಗೆ ಚೊಂಬು ಎತ್ತಿ ಗಟಗಟ ಕುಡಿಯುವುದು ಹೇಗೆ? ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಕುಡಿಯುತ್ತಿದ್ದೆ. ಒಂದೇ ಮನೆಯಲ್ಲಿ ಒಬ್ಬರು ಬಾಯಾರಿ, ಒಬ್ಬರು ಹಸಿದು, ಇಬ್ಬರೂ "ಏನೂ ಇಲ್ಲ" ಎಂದು ಮುಖ ನೋಡಿಕೊಳ್ಳುತ್ತಿದ್ದೆವು.

ಆಗಲೇ ನಿನಗೆ ಬರೆದು ಕೇಳಿದ್ದು, ರೋಜಾದಲ್ಲಿ ಇಡೀ ದಿನ ಹೇಗೆ ತಡೆಯುತ್ತೀ ಎಂದು. ನೀನು ಬರೆದೆ: ಬೆಳಗಿನ ಜಾವ ಮನಸ್ಸು ಗಟ್ಟಿ ಮಾಡಿಕೊಂಡು, ಉಪವಾಸದ ಸಂಕಲ್ಪ ಮಾಡಿ ನಿಯತ್ತು ಇಟ್ಟರೆ ಹಸಿವು ಹೊರಗೆ ನಿಂತು ಬಾಗಿಲು ಬಡಿದು ಹೋಗುತ್ತದೆ, ನಿಯತ್ತು ಇಲ್ಲದಿದ್ದರೆ ಒಳಗೆ ಬಂದು ಕೂರುತ್ತದೆ. ಆ ಮಾತು ನನ್ನನ್ನು ಬಹಳ ಕಾಡಿತು. ಬೆಳಿಗ್ಗೆ ಲಿಂಗಪೂಜೆಗೆ ಕುಳಿತಾಗ ನಾನೂ ನಿಯತ್ತು ಇಡಲು ನೋಡಿದೆ. ಇವರು ಬದುಕಬೇಕು ಎಂದುಕೊಂಡೆ, ಮನಸ್ಸು ಹೂಂ ಎಂದಿತು. ನಾನು ತೂಕ ಇಳಿಸಬೇಕು ಎಂದುಕೊಂಡೆ, ಅದಕ್ಕೂ ಹೂಂ ಎಂದಿತು. ಅದರ ಮುಂದಿನ ಮಾತನ್ನು ಅಂದುಕೊಳ್ಳಲು ಹೋದರೆ ಒಲೆಯ ಮೇಲೆ ಹಾಲಿಟ್ಟದ್ದು ನೆನಪಾಗುತ್ತಿತ್ತು, ಎದ್ದುಬಿಡುತ್ತಿದ್ದೆ. ನಿಯತ್ತು ಆಯಿತೋ ಇಲ್ಲವೋ ನನಗೇ ತಿಳಿಯಲಿಲ್ಲ.

ಅಷ್ಟರಲ್ಲಿ ಒಂದು ವಿಚಿತ್ರ ಶುರುವಾಯಿತು. ಡಯಾಲಿಸಿಸ್ ಮುಗಿಸಿ ಬಂದ ಒಂದು ಸಂಜೆ ಇವರು ಅಂಗಿಯ ಒಳಗಿನಿಂದ ಪೇಪರಿನ ಪೊಟ್ಟಣ ತೆಗೆದರು. ಬಸ್ ಸ್ಟ್ಯಾಂಡಿನ ಮಿರ್ಚಿ ಭಜಿ, ಇನ್ನೂ ಬಿಸಿ ಆರಿರಲಿಲ್ಲ.

"ಇದೇನ್ರಿ?" ಎಂದೆ.

"ತಿನ್ನು."

"ಅತ್ತ್ಯಾರು ನೋಡಿದ್ರ?"

"ಅವ್ವ ಗುಡಿಗೆ ಹೋಗ್ಯಾಳ. ತಿನ್ನು, ಆರ್ತದ."

ತಿಂದೆ. ನಿಂತುಕೊಂಡೇ ತಿಂದೆ. ಇವರು ಮಂಚದ ಮೇಲೆ ಕುಳಿತು ನನ್ನ ಬಾಯಿಯನ್ನೇ ನೋಡುತ್ತಿದ್ದರು. "ಖಾರ ಅದ ಏನು?" ಎಂದು ಕೇಳಿದರು. "ಅದರಿ" ಎಂದೆ. "ಉಪ್ಪು?" "ಬರಾಬರಿ ಅದ." ಇವರ ಗಂಟಲು ಒಮ್ಮೆ ಮೇಲೆ ಕೆಳಗೆ ಆಯಿತು. ಉಪ್ಪಿಲ್ಲದ ಅನ್ನ ತಿಂದು ನಾಲಿಗೆ ಸತ್ತ ಮನುಷ್ಯ, ನನ್ನ ಬಾಯಿಯಿಂದ ರುಚಿ ನೋಡುತ್ತಿದ್ದಾರೆ ಎಂದುಕೊಂಡೆ. ಬೇಡ ಎಂದರೆ ಪಾಪ ಅನ್ನಿಸಿತು. ಮುಂದಿನ ಸಲವೂ ಪೊಟ್ಟಣ ಬಂತು. ಅದರ ಮುಂದಿನ ಸಲವೂ. ಒಮ್ಮೆ ಜಿಲೇಬಿ, ಒಮ್ಮೆ ಖಾರಾ ಚುಡವಾ. ಕಲಬುರಗಿಯ ಬಸ್ಸು ಬರುವ ಹೊತ್ತಾದರೆ ನಾನು ಬಾಗಿಲಿಗೆ ಬಂದು ನಿಲ್ಲುತ್ತಿದ್ದೆ. ಗಂಡನಿಗಾಗಿಯೋ ಪೊಟ್ಟಣಕ್ಕಾಗಿಯೋ, ನನ್ನನ್ನು ಕೇಳಬೇಡ.

ಯುಗಾದಿಯ ಮರುದಿನ ಅತ್ತೆ ನನ್ನನ್ನು ಅಂಗಡಿಗೆ ಕರೆದುಕೊಂಡು ಹೋದರು. ಚೀಲ ತೂಗುವ ಕಾಟಾದ ಮೇಲೆ ನಿಲ್ಲು ಎಂದರು. ಗಿರಾಕಿಗಳಿದ್ದರು. ಹಮಾಲಿ ಬೀರಣ್ಣ ಮುಖ ಆ ಕಡೆ ತಿರುಗಿಸಿಕೊಂಡ. ಅವನ ಮರ್ಯಾದೆ ದೊಡ್ಡದು. ಅತ್ತೆಗೆ ಅಂಕಿ ಸರಿಯಾಗಿ ಕಾಣದು, "ಓದೋ ಬೀರಣ್ಣಾ" ಎಂದರು. "ಎಂಬತ್ನಾಕ ಅದ್ರಿ ಅವ್ವಾರ" ಎಂದು ನೆಲಕ್ಕೆ ಹೇಳಿದ. ಮೂರು ತಿಂಗಳಿಗೆ ಎರಡು ಕಿಲೋ.

"ಈಕಿ ರೊಟ್ಟಿ ತಿನ್ನಾಕತ್ತಿಲ್ಲ, ನನ್ನ ಮಗನ ಆಯುಷ್ಯಾ ತಿನ್ನಾಕತ್ತಾಳ!"

ಎಲ್ಲರ ಎದುರಿಗೆ ಅಂದರು. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಹೆತ್ತ ಕರುಳು. ನಾನು ನೋಡಿದ್ದು ಇವರನ್ನು. ಗಾದಿಯ ಮೇಲೆ ಕುಳಿತಿದ್ದರು. ಒಂದು ಮಾತು, "ಭಜಿ ನಾ ತಂದು ತಿನಿಸೇನಿ ಅವ್ವಾ" ಎನ್ನುವ ಒಂದು ಮಾತು ಸಾಕಿತ್ತು. ಇವರು ಕೈಯಲ್ಲಿದ್ದ ತೊಗರಿ ಕಾಳನ್ನು ಉಜ್ಜಿ ಉಜ್ಜಿ ನೋಡುತ್ತಿದ್ದರು.

ಮನೆಗೆ ಬಂದ ಮೇಲೆ ಕೇಳಿದೆ. "ಯಾಕ ಸುಮ್ಮ ಕುಂತ್ರಿ? ನನಗ ತಿನಿಸಿದವರು ಯಾರು?"

"ನಾನೇ."

"ಯಾಕ?"

ಮಂಚದ ಮೇಲಿನ ಚಾದರದ ಸುಕ್ಕು ಸರಿಮಾಡಿದರು. ಆಮೇಲೆ ಹೇಳಿದರು, "ನೀ ಇಳದ್ರ ತಾರೀಖು ಕೊಡ್ತಾರ, ಶೈಲಾ."

"ಕೊಡ್ಲಿ. ಅದಕ್ಕೇ ಅಲ್ಲೇನ್ರಿ ಇಷ್ಟೆಲ್ಲಾ?"

"ಇಬ್ಬರನೂ ಒಂದೇ ದಿವಸ ಒಳಗ ಒಯ್ತಾರ. ಹೊರಗ ಯಾರು ಕುಂದರತಾರ?"

"ಹಂಗಿದ್ರ ಬ್ಯಾಡ ಅಂತ ಅತ್ತ್ಯಾರಿಗೆ ಹೇಳ್ರಿ" ಎಂದೆ.

"ಹೆಂಗ ಹೇಳಲಿ? ಬದುಕಬೇಕಂತ ನನಗೂ ಆಸೆ ಅದ."

ನೋಡು, ಇದನ್ನು ಪ್ರೀತಿ ಎನ್ನಲೋ, ಪುಕ್ಕಲುತನ ಎನ್ನಲೋ? ನನ್ನನ್ನು ಚಾಕುವಿನಿಂದ ಉಳಿಸಲು ತಿನ್ನಿಸಿದರು. ಬೇಡ ಎಂಬ ಮಾತನ್ನು ತಮ್ಮ ಬಾಯಿಂದ ಆಡಲಾಗದೆ ನನ್ನ ಬಾಯಿಗೆ ತುರುಕಿದರು. ಬೈಗುಳ ಬಂದಾಗ ಅದನ್ನೂ ನನಗೇ ಬಿಟ್ಟರು. ಒಂದು ದಿನ ಇವರ ಕಾಲು ಒತ್ತುವಾಗ ಕನಿಕರ ಉಕ್ಕುತ್ತದೆ, ಮರುದಿನ ಇವರು ಕೆಮ್ಮಿದರೂ ಸಿಟ್ಟು ಬರುತ್ತದೆ. ಎರಡೂ ನನ್ನವೇ ಭಾವನೆಗಳು ಎಂದರೆ ಯಾವುದನ್ನು ನಂಬಲಿ?

ಅಂದಿನಿಂದ ಪೊಟ್ಟಣ ನಿಂತಿತು. ನಾನು ಬಚ್ಚಿಟ್ಟು ತಿನ್ನುವುದನ್ನೂ ಬಿಟ್ಟೆ. ಎಲ್ಲರ ಎದುರಿಗೆ ತಾಟು ಹಾಕಿಕೊಂಡು ಕುಳಿತು ಉಣ್ಣುತ್ತೇನೆ. ಒಂದು ರೊಟ್ಟಿ, ಗಟ್ಟಿ ಬೇಳೆ, ಬಟ್ಟಲು ತುಂಬ ಪುಂಡಿ ಪಲ್ಯ. ಸಂಜೆ ಬಾಯಿಯ ಹಸಿವು ಎದ್ದರೆ ಚಪ್ಪಲಿ ಮೆಟ್ಟಿಕೊಂಡು ಊರ ಹೊರಗಿನವರೆಗೆ ನಡೆದು ಬರುತ್ತೇನೆ. ಹಸಿವು ಅರ್ಧ ದಾರಿಯವರೆಗೆ ಜೊತೆಗೆ ಬರುತ್ತದೆ, ಆಮೇಲೆ ಅದಕ್ಕೇ ಬೇಸರವಾಗುತ್ತದೆ. ನಾನು ಹೊರಟಾಗೆಲ್ಲ ಅತ್ತೆಯವರು ಈಗ "ಬಿಸಲ ಅದ, ಸೆರಗ ಹೊತ್ಕೊ ಯವ್ವಾ" ಎನ್ನುತ್ತಾರೆ. ಅಂಗಡಿಯ ಮಾತನ್ನು ಅವರೂ ತೆಗೆದಿಲ್ಲ, ನಾನೂ ತೆಗೆದಿಲ್ಲ. ಆದರೆ ಒಂದು ದಿನ ನನ್ನ ತಾಟಿಗೆ ಬೇಳೆ ಬಡಿಸುತ್ತ, "ಹಸಗೊಂಡು ಸಾಯಬ್ಯಾಡ ಮತ್ತ, ನೀನೂ ಬೇಕು ನಮಗ" ಎಂದರು. ಕುಪ್ಪಸಗಳನ್ನೆಲ್ಲ ಒಳಗೆ ಹೊಲಿಗೆ ಹಾಕಿ ಬಿಗಿ ಮಾಡಿಕೊಂಡಿದ್ದೇನೆ. ಗುರಿ ಇನ್ನು ದೂರವಿಲ್ಲ ಎಂದು ಎಲ್ಲರಿಗೂ ಹೇಳುತ್ತಿದ್ದೇನೆ.

ನಿನ್ನ ಮಗಳು ಖಮರ ಕಾಲೇಜು ಸೇರಿದಳೇ? ಅವಳಿಗೆ ನನ್ನ ಆಶೀರ್ವಾದ. ಅವಳ ವಿದ್ಯೆ ಬೆಳೆಯಲಿ, ನಿನ್ನ ಮೊಣಕಾಲು ನೋವು ಕಡಿಮೆಯಾಗಲಿ, ನಿನ್ನ ಮನೆಯ ಒಲೆ ಯಾವಾಗಲೂ ಬೆಚ್ಚಗಿರಲಿ. ನಮಾಜಿನಲ್ಲಿ ನಮ್ಮಿಬ್ಬರ ಹೆಸರನ್ನೂ ಒಂದು ಸಲ ಸೇರಿಸಿಕೋ.

ನಿನ್ನ
ಶೈಲಶ್ರೀ

ತಾ.ಕ.: ಗುಲನಾಜ, ಮೇಲೆ "ಗುರಿ ದೂರವಿಲ್ಲ" ಎಂದು ಬರೆದೆನಲ್ಲ, ಕಾಗದದ ಮೇಲೂ ಸುಳ್ಳು ಬಂದೇಬಿಟ್ಟಿತು. ನಾನು ಆಗಲೇ ಮುಟ್ಟಿದ್ದೇನೆ. ಕಳೆದ ಬುಧವಾರ ಒಬ್ಬಳೇ ಇಲ್ಲಿಯ ದವಾಖಾನೆಗೆ ಹೋಗಿ ತೂಗಿಸಿಕೊಂಡೆ. ಎಪ್ಪತ್ತಾರಕ್ಕೂ ತುಸು ಕಡಿಮೆ. ನರ್ಸಬಾಯಿ "ಛಲೋ ಆತಲ್ರಿ ಅಕ್ಕಾ" ಎಂದಳು. ನಾನು ಅಲ್ಲೇ ಬೆಂಚಿನ ಮೇಲೆ ಕುಳಿತುಬಿಟ್ಟೆ. ಮನೆಗೆ ಬಂದಾಗ ಅತ್ತೆ ಕೇಳಿದರು, ಇನ್ನೂ ಮೂರು ಕಿಲೋ ಉಳಿದಿದೆ ಎಂದೆ.

ಆ ಸಂಜೆ ಪಂಚಮಿಗೆಂದು ಕಟ್ಟಿದ ಶೇಂಗಾ ಉಂಡಿಯ ಡಬ್ಬಿಯ ಮುಂದೆ ಹೋಗಿ ನಿಂತೆ. ತಿಂದು ಮತ್ತೆ ಏರಿಬಿಡೋಣ ಎಂದೇ ನಿಂತೆ. ಇಷ್ಟು ತಿಂಗಳು ಯಾವುದಕ್ಕಾಗಿ ಪ್ರಾಣ ಬಿಡುತ್ತಿದ್ದೆನೋ ಅದು ಕೈಯಲ್ಲಿತ್ತು. ಒಂದು ತುಣುಕು ಬಾಯಿಗೆ ಹಾಕಿಕೊಂಡರೆ ಮಣ್ಣು ಅಗಿದಂತಾಯಿತು, ನುಂಗಲಾಗಲಿಲ್ಲ. ಅಂದಿನಿಂದ ಹಸಿವೇ ಇಲ್ಲ. ಇಲ್ಲಿಯವರೆಗೆ ನನ್ನೊಳಗೆ ಕೂಗುತ್ತಿದ್ದದ್ದು ಹಸಿವಲ್ಲ, ಹೆದರಿಕೆ ಇರಬೇಕು ಎಂದು ಈಗ ಅನುಮಾನ. ಡಾಕ್ಟರು ನನ್ನ ತೂಕ ಕೇಳಿದರು, ಅತ್ತೆ ತೂಕ ಕೇಳಿದರು, ಮಗಳು ಫೋನಿನಲ್ಲಿ ತೂಕ ಕೇಳಿದಳು. ನಿನಗೆ ಹೆದರಿಕೆ ಇದೆಯಾ ಎಂದು ಒಬ್ಬರೂ ಕೇಳಲಿಲ್ಲ. ಇವರು ಕೂಡ ಕೇಳಲಿಲ್ಲ, ಭಜಿ ತಂದುಕೊಟ್ಟರು.

ನಾಳೆ ಇವರ ಜೊತೆ ಕಲಬುರಗಿಗೆ ಹೋಗುತ್ತಿದ್ದೇನೆ. ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತು ಎರಡೂ ಹೇಳಬೇಕೆಂದಿದ್ದೇನೆ. ಮೊದಲು "ನನಗ ಭಾಳ ಹೆದರಿಕಿ ಆಗೇದ್ರಿ" ಎಂದು, ಅದನ್ನು ಇವರು ಕೇಳಿಸಿಕೊಂಡ ಮೇಲೆ ತೂಕ ಇಳಿದ ಸುದ್ದಿ. ಕೊಡುತ್ತೇನೆ, ಗುಲನಾಜ. ಕೊಡುತ್ತೇನೆ ಎಂದೇ ಅನ್ನಿಸುತ್ತದೆ. ಆದರೆ ಹೆದರಿಕೊಂಡೇ ಕೊಡುತ್ತಿದ್ದೇನೆ ಎಂಬುದು ತೆಗೆದುಕೊಳ್ಳುವವರಿಗೆ ಗೊತ್ತಿರಬೇಕು.