ಆರನೇ ಮಗ್ಗದ ಸ್ವಿಚ್ಚು

ಜೂನ್ 3, ಸೋಮವಾರ
ಮತ್ತೆ ಬನಹಟ್ಟಿ, ಮತ್ತೆ ಕಾಕಾನ ಪವರ್‌ಲೂಮ್ ಶೆಡ್. ಆರನೇ ಮಗ್ಗ ಓಡಿಸಲು ನಾನು ಸಿ ಭಾಷೆಯಲ್ಲಿ ಬರೆದ ಪ್ರೋಗ್ರಾಂ. ಎಳೆ ಕಡಿದಾಗ ಸ್ವಿಚ್ಚು ಒತ್ತಬೇಕು. ಸಿಗ್ನಲ್ ಬರುತ್ತದೆ, ಅದನ್ನು ಹಿಡಿಯುವ ಹ್ಯಾಂಡ್ಲರ್ ಎಂಬ ತುಣುಕು 0 ಇದ್ದ ಒಂದು ವೇರಿಯೇಬಲ್‌ನಲ್ಲಿ 1 ಬರೆಯುತ್ತದೆ, ಮತ್ತೆ ಮತ್ತೆ ಸುತ್ತುವ ಲೂಪು ಅದನ್ನು ನೋಡಿ ಮಗ್ಗ ನಿಲ್ಲಿಸುತ್ತದೆ. ಇಪ್ಪತ್ತು ಸಲ ಒತ್ತಿದೆ. ಇಪ್ಪತ್ತೂ ಸಲ ನಿಂತಿತು. ಆದರೂ ನೇಯುವ ಶೇವಂತಿ ಅಕ್ಕ ಮಗ್ಗ ನಿಲ್ಲಿಸುವ ಹಳೆಯ ಹಿಡಿಕೆಯ ಮೇಲಿಂದ ಕೈ ತೆಗೆಯಲೊಲ್ಲಳು. ಹಿಡಿಕೆಯನ್ನೇ ಬಿಚ್ಚಿಸಿದೆ. ಜಂಭ, ಮತ್ತೇನು!

ಜೂನ್ 5
ಕಾಕಾ: “ಪ್ರಾಚಿ, ಮಗ್ಗ ನಿಧಾನ ಓಡಾಕತ್ತೈತಿ ನೋಡವಾ.”
ಪರೀಕ್ಷೆಗೆಂದು ಲೂಪಿನಲ್ಲಿ ಹಾಕಿದ್ದ ಪ್ರಿಂಟ್ ಸಾಲು ತೆಗೆದೆ. ವೇಗ ಹೆಚ್ಚಿಸುವ ಆಪ್ಟಿಮೈಸ್ ಆಯ್ಕೆ ಹಾಕಿ ಮತ್ತೆ ಕಂಪೈಲ್. ಮಗ್ಗ ಜೋರಾಯಿತು. ಕಾಕಾ ಖುಷಿ. ಸ್ವಿಚ್ಚು ಮತ್ತೆ ಒತ್ತಿ ನೋಡಲಿಲ್ಲ. ಊಟದ ಹೊತ್ತಾಗಿತ್ತು...

ಜೂನ್ 6, ಮಧ್ಯಾಹ್ನ 1
ಎಳೆ ಕಡಿಯಿತು. ಅಕ್ಕ ಸ್ವಿಚ್ಚು ಒತ್ತಿ, ಎಳೆ ಗಂಟು ಹಾಕಲು ಕೈ ಒಳಗೆ ಹಾಕಿದಳು. ಮಗ್ಗ ನಿಲ್ಲಲಿಲ್ಲ. ಪಕ್ಕದವರು ಓಡಿ ಮೇನ್ ಸ್ವಿಚ್ ಇಳಿಸಿದರು. ಅಷ್ಟರಲ್ಲಿ ಎರಡು ಬೆರಳು ಜಜ್ಜಿದ್ದವು.
ಕಾಕಾ ಅಂದದ್ದು ಒಂದೇ ಮಾತು: “ಸರಿಯಾಗಿ ಒತ್ತಿಲ್ಲ ಆಕಿ.”
ಶೆಡ್ಡಿನವರೂ ಹಾಗೇ ಅಂದರು. ನಾನು ಪ್ರೋಗ್ರಾಂ ತೆರೆದು ಒಂದೊಂದೇ ಸಾಲು ನೋಡತೊಡಗಿದೆ.

ಜೂನ್ 9, ಭಾನುವಾರ
ತಪ್ಪು ಸಿಕ್ಕಿತು. ಪ್ರಿಂಟ್ ಸಾಲು ಹೋಗಿ ಆಪ್ಟಿಮೈಸ್ ಬಂದಮೇಲೆ, ಲೂಪಿನೊಳಗೆ ಆ ವೇರಿಯೇಬಲ್ ಎಲ್ಲೂ ಬದಲಾಗುವುದಿಲ್ಲವಲ್ಲ ಎಂದು ಕಂಪೈಲರ್ ಒಮ್ಮೆ ಓದಿದ್ದೇ ಓದಿದ್ದು, ಮತ್ತೆ ತಿರುಗಿ ನೋಡಿಲ್ಲ. ಹ್ಯಾಂಡ್ಲರ್ 1 ಬರೆದಿದೆ. ಲೂಪು ಇನ್ನೂ 0 ಎಂದುಕೊಂಡೇ ಓಡಿದೆ. ಆ ವೇರಿಯೇಬಲ್ಲನ್ನು ಬರೀ int ಎಂದು ಬರೆದಿದ್ದೆ. volatile sig_atomic_t ಎಂದಿರಬೇಕಿತ್ತು — ಪ್ರತಿ ಸಲ ಹೊಸದಾಗಿ ಓದಲಿ, ಅರ್ಧ ಬರೆದದ್ದು ಕಾಣದಿರಲಿ ಎಂದು. ಎರಡು ಪದ! ನನ್ನ ಮೇಲೆ ನನಗೇ ಅಸಹ್ಯ.
ತಿದ್ದಿದೆ. ನೂರು ಸಲ ಒತ್ತಿದೆ. ಹಿಡಿಕೆಯನ್ನೂ ಮರಳಿ ಕೂಡಿಸಿದೆ.
ಕಾಕಾ: “ಆತಲ್ಲ, ಇನ್ನ ಸುಮ್ನಿರು. ಆಕಿಗೆ ಹೇಳಿ ಏನ ಮಾಡ್ತಿ?”

ಜೂನ್ 14, ಸಂಜೆ
ಐದು ದಿನ ಸುಮ್ಮನಿದ್ದೆ. ಇಂದು ಅಕ್ಕನ ಮನೆಗೆ ಹೋದೆ. ಬಲಗೈಗೆ ಪಟ್ಟಿ. ಎಡಗೈಯಲ್ಲೇ ಚಹಾ ಸೋಸಿ ಕೊಟ್ಟಳು. ನಾನು ಬಾಯಿ ತೆರೆಯುವ ಮೊದಲೇ ಅವಳು —
“ತಪ್ಪಾತ್ರಿ ಪ್ರಾಚಿಬಾಯಾರ. ಒತ್ತೇನಿ ಅಂತನ ಅನಿಸಿತ್ತು ನನಗ. ಎಲ್ಲಾರೂ ಒತ್ತಿಲ್ಲ ಅಂತಾರ. ಮೂವತ್ತ ವರ್ಷ ನೇದ ಕೈ ಇದು... ಈಗ ಮನ್ಯಾಗ ಗ್ಯಾಸ್ ಬಂದ್ ಮಾಡಿದ್ರೂ ಎರಡೆರಡ ಸಲ ಹೋಗಿ ನೋಡ್ತೇನಿ.”
“ಅಕ್ಕಾ, ನೀ ಒತ್ತಿದ್ದಿ,” ಅಂದೆ. “ತಪ್ಪು ನಂದು.”
ಹೇಳಿದೆ, ಎಲ್ಲ ಹೇಳಿದೆ. ಅವಳು ತನ್ನ ಕೈಯನ್ನೇ ನೋಡಿಕೊಂಡಳು. ಆಮೇಲೆ ಕೇಳಿದಳು: “ಗೊತ್ತಾದ ದಿನಾನ ಯಾಕ ಬರಲಿಲ್ರಿ?”
“ಅಂಜಿಕಿ ಆತ ಅಕ್ಕಾ,” ಅಂದೆ.