ಬಸರಾಕ್ಕೆ ಹೊರಟ ಕಥೆ

ಸೋಮವಾರ, ೧೪ ನವೆಂಬರ್ ೧೯೨೧. ಅಕ್ಕಲಕೋಟ.

ಊಟ ಸೇರಲಿಲ್ಲ. ನನ್ನ ಬಾಯಿಗೆ ಯಾರಾದರೂ ಬೀಗ ಹಾಕಬೇಕಿತ್ತು.

ಇರಾಕಿನ ಬಸರಾ ಬಂದರದಲ್ಲಿ ಸರಕಾರಿ ಫೌಜಿನ ಪಲ್ಟಣ ಬಿಟ್ಟು ಓಡಿಹೋದ ಮಲಕಪ್ಪನನ್ನು ಹುಡುಕುವವರು ಇವತ್ತು ಅವನ ತಾಯಿ ಗುರುಲಿಂಗವ್ವನ ಮನೆಗೆ ಬಂದಿದ್ದರು. ಒಬ್ಬ ಸುಭೇದಾರ, ಜೊತೆಗೆ ಕನ್ನಡ ಬಲ್ಲ ಕಾರಕೂನ. ಹುಡುಗ ಸಿಕ್ಕರೆ ಜೇಲು, ಇಲ್ಲವೇ ಗುಂಡು. ಆಕೆ ತುಟಿ ಬಿಚ್ಚಲಿಲ್ಲ. ನೆರೆಯವನೆಂದು ನನ್ನನ್ನು ಕರೆಸಿದರು.

"ಫೋಟೋ ಇಲ್ಲ, ಹೆಸರು ಬದಲ ಮಾಡ್ಯಾನ. ಆ ಬಂದರದಾಗ ಹಮಾಲರ ಗುಂಪಿನ್ಯಾಗ ಸೇರ್ಯಾನಂತ, ನಮ್ಮ ಕಡೆಯವ್ರು ಅಲ್ಲಿ ರಗಡ ಅದಾರ. ಗುರ್ತು ಹ್ಯಾಂಗ ಹಿಡೀಬೇಕ್ರಿ?" ಎಂದ ಕಾರಕೂನ.

ನಾನು ನಕ್ಕೆ. "ಅದಕ್ಯಾಕ ಫೋಟೋ? ನಾ ಓಣಿ ಹುಡುಗರಿಗೆ ಹೇಳ್ತಿದ್ದ ಏಳು ಸಮುದ್ರದ ಕಥಿ ಅವ್ರ ಮುಂದ ಹೇಳ್ರಿ. ರಾಜನ ಮಗ ಹಡಗ ಹತ್ತಿದ ಕೂಡ್ಲೆ ಉಳಿದವ್ರು ಹೂಂ ಅಂತಾರ. ಮಲಕಪ್ಪ ಮಾತ್ರ 'ತಿರುಗಿ ಬರ್ತಾನಿಲ್ಲೋ?' ಅಂತಾನ. ಸಣ್ಣಾಂವಿದ್ದಾಗಿಂದ ತಡಕೊಳ್ಳಾಕ ಆಗೂದಿಲ್ಲ ಅವಗ."

ಸುಭೇದಾರ ನಗಲಿಲ್ಲ. ಬಸರಾಕ್ಕೆ ಹೋಗುವವನು ಆ ಕಾರಕೂನನೇ. ಅವನಿಗೆ ಕಥೆ ಕಲಿಸಿರಿ ಎಂದ ಸುಭೇದಾರ. ಅಲ್ಲಿಗಾದರೂ ನಿಲ್ಲಿಸಬಹುದಿತ್ತು. ಕಾರಕೂನ ಹೇಳಿ ತೋರಿಸುವಾಗ ಅವಸರ ಮಾಡಿದರೆ, ಹಡಗು ಹತ್ತಿಸಿದ ಮೇಲೆ ಸ್ವಲ್ಪ ತಡೆಯಬೇಕು ಎಂದು ನಾನೇ ತಿದ್ದಿದೆ. ಮತ್ತೆ ಸರಿಯಾಗಿ ಹೇಳಿದ. ಶಾಬಾಸ್ ಅಂದೆ. ಆಮೇಲೆ ನೋಡಿದರೆ ಗುರುಲಿಂಗವ್ವ ಬಾಗಿಲಲ್ಲಿ ನಿಂತಿದ್ದಳು.

ಅವರು ಹೋದ ಮೇಲೆ ಆಕೆ ಬೈಯಲಿಲ್ಲ. "ಛಂದ ಕಲಿಸಿದಿ ಅಣ್ಣಾ," ಎಂದಳು. "ಆ ಕಥಿ ಕೇಳಿ ನನ್ನ ಮಗ ಸುಮ್ನ ಕುಂದ್ರೂದಿಲ್ಲ."

ಈಗ ಮಲಗುವಾಗ ನನ್ನ ಮೊಮ್ಮಗಳು ಅದೇ ಕಥೆ ಬೇಡಿದಳು. ರಾಜನ ಮಗ ಹಡಗು ಹತ್ತಲೇ ಇಲ್ಲ, ಮನೆಯಲ್ಲೇ ಉಳಿದ ಎಂದೆ.

"ಸುಳ್ಳ ಹೇಳ್ತಿ ಮುತ್ಯಾ," ಎಂದು ಆ ಕಡೆ ಮಗ್ಗುಲಾದಳು.